ರಮ್ಯನಗರದ ಕಲ್ಪನೆ ಮತ್ತು ವೆನಿಸ್

೧

ಪ್ರವಾಸಿಗಳಿಗಾಗಿ ಬರೆದ ಪುಸ್ತಕಗಳಲ್ಲಿ ಲೋಕದ ‘ರೊಮ್ಯಾಂಟಿಕ್ ನಗರ’ಗಳ ಪಟ್ಟಿಯೊಂದು ತಪ್ಪದೆ ಇರುತ್ತದೆ. ಪ್ಯಾರಿಸ್, ಪ್ರಾಗ್, ವಿಯೆನ್ನ, ವೆರೋನಾ ಮುಂತಾದ ಹೆಸರುಗಳ ಅನುಕ್ರಮ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದುಂಟು. ವೆನಿಸ್ಸನ್ನು ಕೈಬಿಟ್ಟ ಪಟ್ಟಿ ಮಾತ್ರ ವಿರಳ. ನವದಂಪತಿಗಳು ಹೋಗಲೇಬೇಕಾದ ಊರು, ನೀರೇ ಬೀದಿಯಾಗಿರುವ ಊರು, ಕರಿಯ ದೋಣಿಯಲ್ಲಿ ಒರಗಿ ಕುಳಿತು ಅಂಬಿಗನ ಹಾಡು ಕೇಳುತ್ತ ಸಾಗಬೇಕಾದ ಊರು ಎಂದು ಅದರ ವರ್ಣನೆ ನಡೆಯುತ್ತದೆ. ಇಂಥ ಪಟ್ಟಿಗಳಿಗೂ ಸಾಹಿತ್ಯವಿಮರ್ಶೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಈ ವರ್ಣನೆಗಳನ್ನು ಕೊಂಚ ಕೆದಕಿ ನೋಡಿದರೆ ಕೆಳಗೆ ಸಿಕ್ಕುವುದು ಕವಿಗಳ ಮತ್ತು ಕಾದಂಬರಿಕಾರರ ಮಾತು. ಯಾವ ಊರೂ ತಾನಾಗಿ ರಮ್ಯವೆಂಬ ಹೆಸರು ಪಡೆಯುವುದಿಲ್ಲ. ಯಾರೋ ಒಬ್ಬರು ಅದನ್ನು ಹಾಗೆ ಕಂಡು, ಹಾಗೆ ಬರೆದು, ಓದಿದವರು ಅದನ್ನು ಹಾಗೆಯೇ ಕಾಣಲು ಹೊರಟ ಬಳಿಕ ಆ ಹೆಸರು ನೆಲೆಗೊಳ್ಳುತ್ತದೆ. ಹಾಗೆ ಕಂಡವರು ಯಾರು, ಅವರು ಕಾಣದೆ ಬಿಟ್ಟದ್ದು ಯಾವುದು ಎಂಬುದನ್ನು ವಿಚಾರಿಸುವುದು ವಿಮರ್ಶೆಯ ಕೆಲಸವೇ ಆಗಿದೆ.

ಮೊದಲು ಶಬ್ದವನ್ನು ನೋಡತಕ್ಕದ್ದು. ಇಂಗ್ಲಿಷಿನ ‘ರೊಮ್ಯಾಂಟಿಕ್’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊತ್ತುಕೊಂಡಿದೆ. ಒಂದು, ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನಲ್ಲಿ ತಲೆದೋರಿದ ಕಾವ್ಯಮನೋಧರ್ಮ. ಗತಕಾಲ, ಪಾಳುಗೋಡೆ, ಏಕಾಂತ, ವಿಷಾದ ಇವು ಅದಕ್ಕೆ ಪ್ರಿಯವಾದ ವಸ್ತುಗಳು. ಇನ್ನೊಂದು, ಹೆಣ್ಣುಗಂಡುಗಳ ಒಲವಿಗೆ ಸಂಬಂಧಿಸಿದ ಅರ್ಥ. ಕನ್ನಡ ವಿಮರ್ಶೆ ಮೊದಲನೆಯದಕ್ಕೆ ‘ರಮ್ಯ’ವೆಂಬ ಶಬ್ದವನ್ನು ರೂಢಿಸಿಕೊಂಡಿತು, ಎರಡನೆಯದಕ್ಕೆ ‘ಪ್ರಣಯ’ವೆಂಬ ಹಳೆಯ ಶಬ್ದ ಮೊದಲೇ ಇತ್ತು. ಹೀಗೆ ಎರಡು ಮಾತುಗಳಿರುವುದು ಪ್ರಕೃತ ವಿಷಯಕ್ಕೆ ಬಹಳ ಉಪಕಾರಿಯಾಗಿದೆ. ವೆನಿಸ್ಸಿನ ಕೀರ್ತಿ ಹುಟ್ಟಿದ್ದು ಮೊದಲನೆಯ ಅರ್ಥದಲ್ಲಿ, ಎಂದರೆ ಒಂದು ರಾಜ್ಯದ ಪತನವನ್ನು ಕಂಡ ಪರದೇಶೀಯರ ವಿಷಾದದಲ್ಲಿ; ಅದು ಇಂದು ಮಾರಾಟವಾಗುತ್ತಿರುವುದು ಎರಡನೆಯ ಅರ್ಥದಲ್ಲಿ. ಈ ಎರಡರ ನಡುವೆ ಸಿಕ್ಕಿ ಮರೆಯಾದದ್ದು ಮೂರನೆಯದೊಂದು: ಆ ಊರಿನಲ್ಲಿ ಹುಟ್ಟಿ, ದುಡಿದು, ಜಗಳವಾಡಿ, ಬಾಳಿದ ಜನರ ವೆನಿಸ್.

೨

ರಮ್ಯವಾಗುವುದಕ್ಕೆ ಮುಂಚೆ ವೆನಿಸ್ ಲೋಕದ ಕಣ್ಣಿಗೆ ಹೇಗೆ ಕಾಣುತ್ತಿತ್ತು? ಅದು ವರ್ತಕರ ಊರು. ಉಪ್ಪುನೀರಿನ ಕೊಳದೊಳಗಿನ ನೂರಕ್ಕೂ ಮಿಕ್ಕ ಕಿರುದ್ವೀಪಗಳ ಮೇಲೆ, ಕೆಸರಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಹೂಳಿ, ಅವುಗಳ ಮೇಲೆ ಕಲ್ಲು ಹಾಸಿ ಕಟ್ಟಿದ ಊರು. ಮೆಣಸು, ರೇಷ್ಮೆ, ಗಾಜು, ಉಪ್ಪು ಇವು ಅದರ ಬಾಳಿಗೆ ಆಧಾರವಾಗಿದ್ದುವು. ದ್ವಿನಮೂದು ಲೆಕ್ಕಪದ್ಧತಿಯನ್ನು ವಿವರಿಸಿ ಅಚ್ಚಾದ ಮೊದಲ ಗ್ರಂಥವೆಂದು ಹೆಸರಾದ ಲೂಕಾ ಪಾಚೊಲಿಯ ಗಣಿತಗ್ರಂಥ ೧೪೯೪ರಲ್ಲಿ ಅಚ್ಚಾದದ್ದು ಅಲ್ಲಿಯೇ. ಪಾಚೊಲಿ ಆ ಪದ್ಧತಿಯನ್ನು ವೆನಿಸ್ಸಿನ ರೀತಿಯೆಂದೇ ಕರೆದನು. ರಿಯಾಲ್ಟೊ ಪೇಟೆಯಲ್ಲಿ ೧೫೮೭ರಲ್ಲಿ ಸರಕಾರದ ಆಶ್ರಯದ ಬ್ಯಾಂಕೊಂದು ಸ್ಥಾಪಿತವಾಯಿತು. ಯೆಹೂದ್ಯರನ್ನು ಒಂದು ಕೇರಿಯಲ್ಲಿ ಕೂಡಿಹಾಕಿ ರಾತ್ರಿ ಬಾಗಿಲು ಹಾಕುವ ವ್ಯವಸ್ಥೆ ೧೫೧೬ರಲ್ಲಿ ಆರಂಭವಾದದ್ದೂ ಅಲ್ಲಿಯೇ. ‘ಗೆಟ್ಟೊ’ ಎಂಬ ಶಬ್ದವೇ ಆ ಊರಿನದು. ಸಂಪತ್ತು, ಕಾನೂನು, ಕಾಠಿಣ್ಯ ಈ ಮೂರೂ ಕೂಡಿದ ಪಟ್ಟಣವದು.

ಶೇಕ್ಸ್‌ಪಿಯರನ ಎರಡು ನಾಟಕಗಳಲ್ಲಿ ಬರುವುದು ಈ ವೆನಿಸ್ಸೇ. ಅವನು ಇಟಲಿಯನ್ನು ಕಂಡಿದ್ದನೆಂಬುದಕ್ಕೆ ಆಧಾರವಿಲ್ಲ. ಆದರೂ ಆ ಊರಿನ ಸ್ವಭಾವವನ್ನು ಅವನು ಚೆನ್ನಾಗಿ ಹಿಡಿದಿದ್ದಾನೆ. ‘ವೆನಿಸ್ಸಿನ ವರ್ತಕ’ದಲ್ಲಿ ವೆನಿಸ್ ಎಂದರೆ ಕರಾರುಪತ್ರ ಮತ್ತು ನ್ಯಾಯಸ್ಥಾನ. ಪರದೇಶೀಯರಿಗೆ ಕಾನೂನನ್ನು ನಿರಾಕರಿಸಿದರೆ ಪಟ್ಟಣದ ವ್ಯಾಪಾರವೇ ಕುಸಿಯುವುದೆಂದು ಅಂಟೋನಿಯೊ, ತನ್ನ ಪ್ರಾಣವೇ ಪಣಕ್ಕಿರುವಾಗಲೂ, ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಆ ನಾಟಕದ ಪ್ರಣಯ ಎಲ್ಲಿದೆ? ಅದು ವೆನಿಸ್ಸಿನಲ್ಲಿ ಇಲ್ಲ, ಬೆಲ್‌ಮಾಂಟಿನಲ್ಲಿ ಇದೆ. ಪೆಟ್ಟಿಗೆಗಳ ಆಯ್ಕೆ, ಉಂಗುರಗಳ ವಿನೋದ, ಕೊನೆಯ ಅಂಕದ ಬೆಳುದಿಂಗಳು ಇವೆಲ್ಲ ಅಲ್ಲಿಯವು. ವೆನಿಸ್ಸಿನಿಂದ ತಪ್ಪಿಸಿಕೊಂಡು ಬಂದ ಬಳಿಕವೇ ಲೊರೆಂಜೊ ಮತ್ತು ಜೆಸಿಕಾ ಬೆಳುದಿಂಗಳನ್ನು ಕಾಣುತ್ತಾರೆ.

ಇನ್ನೊಂದು ಸಂಗತಿಯೂ ಗಮನಾರ್ಹವಾದದ್ದು. ಇಂದು ಪ್ರಣಯದ ಲಾಂಛನವಾಗಿರುವ ಗೊಂಡೊಲ ಈ ಎರಡು ನಾಟಕಗಳಲ್ಲಿಯೂ ಮಾತಿನಲ್ಲಿ ಸುಳಿದುಹೋಗುತ್ತದೆ. ಜೆಸಿಕಾ ತನ್ನ ಇನಿಯನೊಡನೆ ಗೊಂಡೊಲದಲ್ಲಿದ್ದುದನ್ನು ಕಂಡವರಿದ್ದಾರೆಂದು ಸುದ್ದಿ ಬರುತ್ತದೆ. ‘ಒಥೆಲೊ’ದಲ್ಲಿ ಡೆಸ್ಡಿಮೋನಾ ಬಾಡಿಗೆಯ ಅಂಬಿಗನೊಬ್ಬನ ಕಾವಲಿನಲ್ಲಿ ರಾತ್ರಿ ಮನೆ ಬಿಟ್ಟಳೆಂದು ಅವಳ ತಂದೆಗೆ ದೂರು ಹೋಗುತ್ತದೆ. ಎರಡು ಕಡೆಯೂ ಗೊಂಡೊಲವೆಂಬುದು ತಂದೆಯ ಮನೆಯಿಂದ ಓಡಿಹೋಗುವ ಸಾಧನ. ಒಲಿದವರಿಗೆ ವೆನಿಸ್ ಆಶ್ರಯ ಕೊಡುವ ಊರಲ್ಲ, ಲೆಕ್ಕ ಕೇಳುವ ಊರು. ಒಥೆಲೊನ ವಿವಾಹ ಸಹ ಮಧ್ಯರಾತ್ರಿಯ ರಾಜಸಭೆಯಲ್ಲಿ ವಿಚಾರಣೆಗೆ ಒಳಗಾಗುತ್ತದೆ. ತುರ್ಕರ ನೌಕಾಬಲದ ವಾರ್ತೆ ಮತ್ತು ಆ ವಿವಾಹದ ವಿಚಾರ ಒಂದೇ ಸಭೆಯ ಮುಂದೆ ಬರುತ್ತವೆ.

ಕನ್ನಡಕ್ಕೆ ಈ ಕಥೆಗಳು ಬಂದ ಬಗೆಯನ್ನು ಇಲ್ಲಿ ನೆನೆಯುವುದು ಅಪ್ರಕೃತವಾಗಲಾರದು. ಬಸವಪ್ಪಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ರೂಪಾಂತರಿಸಿದರು, ‘ರೋಮಿಯೊ ಮತ್ತು ಜೂಲಿಯೆಟ್’ ಕನ್ನಡದಲ್ಲಿ ‘ರಾಮವರ್ಮ-ಲೀಲಾವತಿ’ಯಾಯಿತು. ೧೯ನೆಯ ಶತಮಾನದ ಆ ರೂಪಾಂತರಗಳಲ್ಲಿ ಪಾತ್ರಗಳ ಹೆಸರುಗಳು ದೇಶೀಯವಾದುವು. ವೆನಿಸ್ಸೂ ವೆರೋನಾವೂ ಹಿಂದೆಯೇ ಉಳಿದುವು. ಇದನ್ನು ಆ ಕಾಲದ ಭಾಷಾಂತರಕಾರರ ಸ್ವಾತಂತ್ರ್ಯವೆಂದೋ ಕೊರತೆಯೆಂದೋ ಎಣಿಸುವುದು ವಾಡಿಕೆ. ಆದರೆ ಇದರಿಂದ ಸಿದ್ಧವಾಗುವ ಒಂದು ವಿಷಯವಿದೆ. ಊರಿನ ಹೆಸರನ್ನು ಬಿಟ್ಟರೂ ಆ ಸಂಶಯ, ಆ ಒಲವು, ಆ ಸಾವು ರಂಗದ ಮೇಲೆ ಉಳಿದುಕೊಂಡವು. ಪ್ರಣಯಕ್ಕೆ ಇಂಥದೇ ಪಟ್ಟಣ ಬೇಕೆಂಬ ನಿಯಮ ಕಾವ್ಯದಲ್ಲಿಲ್ಲ.

ಆ ನಿಯಮವನ್ನು ಮಾಡಿದ್ದು ಪ್ರವಾಸೋದ್ಯಮ. ವೆರೋನಾದಲ್ಲಿ ಜೂಲಿಯೆಟ್ಟಳ ಮನೆಯೆಂದು ತೋರಿಸುವ ಕಟ್ಟಡವಿದೆ; ಅದರ ಮಾಳಿಗೆಗೆ ಅಂಟಿಕೊಂಡ ಮೊಗಸಾಲೆಯ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳಲು ಜನ ನೂಕಾಡುತ್ತಾರೆ. ಆ ಮೊಗಸಾಲೆಯನ್ನು ಹಳೆಯ ಕಲ್ಲುಗಳಿಂದ ಜೋಡಿಸಿ ಕೂರಿಸಿದ್ದು ೨೦ನೆಯ ಶತಮಾನದ ಪೂರ್ವಾರ್ಧದಲ್ಲಿ. ಶೇಕ್ಸ್‌ಪಿಯರನ ನಾಟಕದಲ್ಲಿ ಮೊಗಸಾಲೆಯ ಮಾತೇ ಇಲ್ಲ. ಅಲ್ಲಿ ಇರುವುದು ಕಿಟಕಿ. ಮೊದಲು ನಾಟಕ, ಅನಂತರ ನಟರ ರಂಗಸಂಪ್ರದಾಯ, ಕೊನೆಗೆ ಕಲ್ಲು. ಇದು ರಮ್ಯನಗರಗಳು ನಿರ್ಮಿತವಾಗುವ ಕ್ರಮ.

೩

ವೆನಿಸ್ಸಿನಲ್ಲಿ ಹೊಸ ಕಲ್ಲು ಕೂರಿಸುವ ಅಗತ್ಯವಿರಲಿಲ್ಲ. ಹಳೆಯ ಕಲ್ಲಿಗೆ ಹೊಸ ಅರ್ಥ ಕೊಟ್ಟರೆ ಸಾಕಾಗಿತ್ತು. ಅದಕ್ಕೆ ಅವಕಾಶ ಒದಗಿದ್ದು ೧೭೯೭ರಲ್ಲಿ. ಆ ವರ್ಷದ ಮೇ ೧೨ರಂದು, ನೆಪೋಲಿಯನ್ನನ ಸೈನ್ಯ ದಡದಲ್ಲಿ ನಿಂತಿರಲು, ವೆನಿಸ್ಸಿನ ಮಹಾಸಭೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಸಾವಿರ ವರ್ಷಕ್ಕೂ ಮಿಕ್ಕು ಬಾಳಿದ ಗಣರಾಜ್ಯ ಅಲ್ಲಿಗೆ ಮುಗಿಯಿತು. ಅದೇ ವರ್ಷದ ಅಕ್ಟೋಬರಿನ ಒಪ್ಪಂದದಲ್ಲಿ ನೆಪೋಲಿಯನ್ ಆ ಊರನ್ನು ಆಸ್ಟ್ರಿಯಾಕ್ಕೆ ಒಪ್ಪಿಸಿಬಿಟ್ಟನು. ಮುಂದೆ ಕೈಯಿಂದ ಕೈಗೆ ಬದಲಾಗಿ ೧೮೬೬ರಲ್ಲಿ ಅದು ಇಟಲಿಗೆ ಸೇರಿತು.

ಬೈರನ್ ಅಲ್ಲಿಗೆ ಬಂದದ್ದು ೧೮೧೬ರ ನವೆಂಬರಿನಲ್ಲಿ; ೧೮೧೯ರ ಕೊನೆಯವರೆಗೆ ಅವನ ವಾಸ ಹೆಚ್ಚಾಗಿ ಅಲ್ಲಿಯೇ. ಕೊಳದ ಒಂದು ದ್ವೀಪದಲ್ಲಿದ್ದ ಅರ್ಮೇನಿಯನ್ ಮಠಕ್ಕೆ ದೋಣಿಯಲ್ಲಿ ಹೋಗಿ ಆ ಭಾಷೆಯನ್ನು ಕಲಿಯುವಷ್ಟು ಕುತೂಹಲ ಅವನಿಗಿತ್ತು. ಆದರೆ ‘ಚೈಲ್ಡ್ ಹೆರಾಲ್ಡ್’ ಕಾವ್ಯದ ನಾಲ್ಕನೆಯ ಸರ್ಗದಲ್ಲಿ, ೧೮೧೮ರಲ್ಲಿ, ಅವನು ಲೋಕಕ್ಕೆ ಕೊಟ್ಟ ವೆನಿಸ್ ಒಂದು ಅಸ್ತಮಾನದ ಚಿತ್ರ. ಆ ಸರ್ಗ ಆರಂಭವಾಗುವುದು ‘ನಿಟ್ಟುಸಿರಿನ ಸೇತುವೆ’ಯ ಮೇಲೆ. ಅರಮನೆಗೂ ಸೆರೆಮನೆಗೂ ನಡುವೆ ೧೭ನೆಯ ಶತಮಾನದ ಆದಿಯಲ್ಲಿ ಕಟ್ಟಿದ, ಮೇಲ್ಮುಚ್ಚಿದ ಸಣ್ಣದೊಂದು ಕಲ್ಲುಸೇತುವೆ ಅದು. ಅಂದಿನಿಂದ ಆ ಸೇತುವೆ ಲೋಕಪ್ರಸಿದ್ಧವಾಯಿತು. ಬೈರನ್ನನ ಶಕ್ತಿಯನ್ನು ಅಲ್ಲಗಳೆಯಲಾಗದು. ಪತನಹೊಂದಿದ ಗಣರಾಜ್ಯದ ದುಃಖದಲ್ಲಿ ಅವನು ಸ್ವಾತಂತ್ರ್ಯನಾಶದ ದುಃಖವನ್ನೇ ಕಂಡನು; ಆ ಮರುಕ ಪ್ರಾಮಾಣಿಕವಾದದ್ದು. ಆದರೆ ಕವಿಗೆ ಹಿತವಾದದ್ದು ಸತ್ತ ವೆನಿಸ್. ಬದುಕಿದ್ದ ವೆನಿಸ್ಸಿನವರು ಆ ಚಿತ್ರದಲ್ಲಿ ನೆರಳಿನಂತೆ ಸುಳಿಯುತ್ತಾರೆ. ಇಲ್ಲವೇ ವಿನೋದಕ್ಕೆ ಒದಗುತ್ತಾರೆ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವನು ರಸ್ಕಿನ್. ‘ವೆನಿಸ್ಸಿನ ಶಿಲೆಗಳು’ ಎಂಬ ಅವನ ಮೂರು ಸಂಪುಟಗಳ ಗ್ರಂಥ ೧೮೫೧ರಿಂದ ೧೮೫೩ರ ನಡುವೆ ಪ್ರಕಟವಾಯಿತು. ಬೈರನ್ನನ ಭಾವುಕತೆಯನ್ನು ಅವನು ಅಲ್ಲಿ ಒಂದೊಂದಾಗಿ ಪರೀಕ್ಷಿಸುತ್ತಾನೆ. ನೆನೆಯಲು ಯೋಗ್ಯನಾದ, ಕನಿಕರಕ್ಕೆ ಪಾತ್ರನಾದ ಯಾವ ಸೆರೆಯಾಳೂ ಆ ಸೇತುವೆಯನ್ನು ದಾಟಲಿಲ್ಲವೆಂದು ಅವನ ವಾದ. ರಿಯಾಲ್ಟೊ ಸೇತುವೆಯ ಕೆಳಗೆ ಪ್ರವಾಸಿ ಉಸಿರು ಬಿಗಿಹಿಡಿದು ಸಾಗುತ್ತಾನೆ. ವೆನಿಸ್ಸಿನ ಮಹಾವರ್ತಕರು ಬಾಳಿದ ಕಾಲದಲ್ಲಿ ಆ ಕಲ್ಲುಸೇತುವೆ ಇರಲೇ ಇಲ್ಲ. ಅದು ೧೫೯೧ರಲ್ಲಿ ಮುಗಿದದ್ದು. ಹೀಗೆ ಕಾಲವ್ಯತ್ಯಾಸಗಳನ್ನು ತೋರಿಸಿ, ಪ್ರವಾಸಿಯ ವೆನಿಸ್ ಒಂದು ರಂಗದ ಪರದೆಯಂತೆ ನಿನ್ನೆ ಮೊನ್ನೆ ಬರೆದದ್ದೆಂಬ ನಿರ್ಣಯಕ್ಕೆ ಅವನು ಬರುತ್ತಾನೆ. ವಿಮರ್ಶೆಯ ಇತಿಹಾಸದಲ್ಲಿ ಈ ಪುಟಗಳಿಗೆ ದೊಡ್ಡ ಬೆಲೆಯಿದೆ. ಏಣಿ ಹತ್ತಿ ಕಂಬದ ತಲೆಗಳನ್ನು ಅಳೆದು, ಆ ಕಲ್ಲನ್ನು ಕಡೆದ ಕೆಲಸಗಾರನ ಕೈಯನ್ನು ನೆನೆದ ವಿಮರ್ಶಕ ಅವನು.

ಆದರೂ ರಸ್ಕಿನ್ನನಲ್ಲಿ ಒಂದು ತೊಡಕು ಉಳಿಯುತ್ತದೆ. ಅವನಿಗೆ ಪ್ರಿಯವಾದದ್ದೂ ಗತಿಸಿದ ವೆನಿಸ್ಸೇ. ವ್ಯತ್ಯಾಸವಿಷ್ಟೆ: ಬೈರನ್ನನಿಗಿಂತ ಕೆಲವು ಶತಮಾನ ಹಿಂದಿನದು. ೧೮೪೬ರಲ್ಲಿ ಊರನ್ನು ನೆಲಕ್ಕೆ ಜೋಡಿಸಿದ ರೈಲುಸೇತುವೆ ಅವನಿಗೆ ಕಣ್ಣುಕಿಸುರಾಗಿತ್ತು. ಆ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವವನ ವೆನಿಸ್ ಹೇಗಿರಬಹುದೆಂಬ ಪ್ರಶ್ನೆ ಅವನ ಗ್ರಂಥದಲ್ಲಿ ಏಳುವುದಿಲ್ಲ. ಒಬ್ಬನು ಸೇತುವೆಯನ್ನು ರಮ್ಯಗೊಳಿಸಿದನು, ಇನ್ನೊಬ್ಬನು ಶಿಲೆಯನ್ನು. ಇಬ್ಬರೂ ಬೀದಿಯ ಕಡೆಗೆ ಹೆಚ್ಚು ನೋಡಲಿಲ್ಲ.

ಇನ್ನು ಪ್ರಣಯ ಈ ಸೇತುವೆಗೆ ಯಾವಾಗ ಅಂಟಿತು? ಸೂರ್ಯಾಸ್ತದ ಹೊತ್ತಿಗೆ ಗೊಂಡೊಲದಲ್ಲಿ ಅದರ ಕೆಳಗೆ ಮುತ್ತಿಟ್ಟವರ ಒಲವು ಶಾಶ್ವತವಾಗುವುದೆಂಬ ಪ್ರತೀತಿಯನ್ನು ಪುರಾತನವೆಂಬಂತೆ ಹೇಳುತ್ತಾರೆ. ಅದನ್ನು ಲೋಕಕ್ಕೆಲ್ಲ ಹಬ್ಬಿಸಿದ್ದು ೧೯೭೯ರ ಒಂದು ಚಲಚ್ಚಿತ್ರ. ಕೈದಿಗಳ ನಿಟ್ಟುಸಿರು ಪ್ರೇಮಿಗಳ ನಿಟ್ಟುಸಿರಾಗಿ ಬದಲಾಗಲು ಹಿಡಿದದ್ದು ಕೇವಲ ಒಂದೂವರೆ ಶತಮಾನ. ಗೊಂಡೊಲದಲ್ಲಿ ಪ್ರವಾಸಿಗಳು ಅಪೇಕ್ಷಿಸಿ ಹಾಡಿಸುವ ‘ಓ ಸೋಲೆ ಮೀಯೊ’ ಎಂಬ ಹಾಡಾದರೂ ವೆನಿಸ್ಸಿನದಲ್ಲ; ಅದು ೧೮೯೮ರಲ್ಲಿ ರಚಿತವಾದ ನೇಪಲ್ಸ್ ನುಡಿಯ ಹಾಡು. ಕೇಳುವವನಿಗೆ ಭೇದ ತಿಳಿಯದು. ಹಾಡುವವನು ತಿಳಿದೂ ಸುಮ್ಮನಿರುತ್ತಾನೆ.

೪

ಈ ಸುಮ್ಮನಿರುವಿಕೆಯನ್ನೇ ವಸ್ತುವಾಗಿ ಮಾಡಿಕೊಂಡ ಕೃತಿ ಥಾಮಸ್ ಮಾನ್‌ನ ‘ವೆನಿಸ್ಸಿನಲ್ಲಿ ಸಾವು’. ಅವನು ೧೯೧೧ರಲ್ಲಿ ಆ ಊರಿಗೆ ಹೋಗಿ ಬಂದನು. ನೀಳ್ಗತೆ ೧೯೧೨ರಲ್ಲಿ ಪ್ರಕಟವಾಯಿತು. ರಮ್ಯನಗರದ ಕಥೆಯೆಂದೇ ಇದನ್ನು ಓದುವವರು ಬಹುಮಂದಿ. ಪ್ರೌಢವಯಸ್ಸಿನ ಲೇಖಕ ಆಶೆನ್‌ಬಾಖ್, ಸಮುದ್ರತೀರದ ಹೋಟೆಲು, ಪೋಲೆಂಡಿನ ಸುಂದರ ಬಾಲಕ, ದೂರದಿಂದ ನೋಡುವುದರಲ್ಲೇ ಕ್ಷಯಿಸುವ ಮೋಹ ಇವು ಎದ್ದುಕಾಣುತ್ತವೆ. ಆದರೆ ಕಥೆಯ ಬೆನ್ನೆಲುಬು ಬೇರೊಂದಿದೆ. ಊರಿಗೆ ಕಾಲರಾ ಬಂದಿದೆ. ಊರು ಅದನ್ನು ಮುಚ್ಚಿಡುತ್ತಿದೆ. ಬೀದಿಗಳಲ್ಲಿ ಕ್ರಿಮಿನಾಶಕದ ವಾಸನೆ, ಗೋಡೆಗಳ ಮೇಲೆ ಅಸ್ಪಷ್ಟವಾದ ಪ್ರಕಟಣೆಗಳು. ಕೇಳಿದರೆ ಹೋಟೆಲಿನವನೂ ಹಾದಿಯವನೂ ನಗುತ್ತ ಅಲ್ಲಗಳೆಯುತ್ತಾರೆ. ಕೊನೆಗೆ ಸತ್ಯವನ್ನು ಹೇಳುವವನು ಪ್ರವಾಸದ ಕಛೇರಿಯೊಂದರ ಇಂಗ್ಲಿಷ್ ಗುಮಾಸ್ತ. ಗಂಗೆಯ ಮುಖಜಭೂಮಿಯಲ್ಲಿ ಹುಟ್ಟಿದ ರೋಗ ದಾರಿದಾರಿಯಾಗಿ ವೆನಿಸ್ಸಿಗೆ ಹೇಗೆ ತಲಪಿತೆಂಬುದನ್ನೂ, ಪ್ರವಾಸಿಗಳ ಹಣ ತಪ್ಪೀತೆಂಬ ಭಯದಿಂದ ಅಧಿಕಾರಿಗಳು ಹೇಗೆ ಬಾಯಿ ಮುಚ್ಚಿಕೊಂಡರೆಂಬುದನ್ನೂ ವಿವರಿಸಿ, ತಡಮಾಡದೆ ಹೊರಟುಹೋಗುವಂತೆ ಅವನು ಸೂಚಿಸುತ್ತಾನೆ.

ಆಶೆನ್‌ಬಾಖ್ ಹೊರಡುವುದಿಲ್ಲ. ಬಾಲಕನ ತಾಯಿಗೂ ತಿಳಿಸುವುದಿಲ್ಲ. ತಿಳಿಸಿದರೆ ಅವರು ಹೊರಟುಬಿಡುವರು. ಊರಿನ ಗುಟ್ಟೂ ಅವನ ಎದೆಯ ಗುಟ್ಟೂ ಅಲ್ಲಿ ಒಂದಾಗುತ್ತವೆ. ಮಾನ್‌ನ ವಿಮರ್ಶಕದೃಷ್ಟಿ ಇರುವುದು ಇಲ್ಲಿ. ರಮ್ಯನಗರವನ್ನು ಉಳಿಸಿಕೊಳ್ಳಬೇಕಾದರೆ ಪ್ರವಾಸಿಯೂ ಒಂದು ಮೌನದಲ್ಲಿ ಪಾಲುಗಾರನಾಗಬೇಕು. ಊರಿನ ಲಾಭ, ಪ್ರವಾಸಿಯ ಮೋಹ ಇವೆರಡೂ ಕೂಡಿ ಮುಚ್ಚಿಡುವುದು ಮಾತ್ರ ಊರಿನವರ ಸಾವನ್ನು. ಗುಮಾಸ್ತನು ಹೇಳುವ ಕಥೆಯಲ್ಲಿ ಮೊದಲು ಸತ್ತವರು ಒಬ್ಬ ದೋಣಿಯ ಆಳು ಮತ್ತು ಒಬ್ಬಳು ಕಾಯಿಪಲ್ಯ ಮಾರುವವಳು. ಅವರಿಗೆ ಕಥೆಯಲ್ಲಿ ಹೆಸರಿಲ್ಲ. ಆದರೆ ಅವರ ಸಾವನ್ನು ಮರೆಮಾಡಿದ್ದರಿಂದಲೇ ಕಥೆ ನಡೆಯುತ್ತದೆ.

೫

ಹೆಸರಿಲ್ಲದ ಆ ತರಕಾರಿಯವಳಿಗೆ ಹೆಸರಿದ್ದ ಸಾಹಿತ್ಯವೊಂದು ವೆನಿಸ್ಸಿನಲ್ಲಿ ಇತ್ತು. ಕಾರ್ಲೊ ಗೊಲ್ಡೋನಿ ಹುಟ್ಟಿದ್ದು ೧೭೦೭ರಲ್ಲಿ, ಅದೇ ಊರಿನಲ್ಲಿ. ಅವನ ಎಷ್ಟೋ ನಾಟಕಗಳು ವೆನಿಸ್ಸಿನ ಆಡುನುಡಿಯಲ್ಲಿವೆ. ೧೭೫೬ರ ‘ಇಲ್ ಕಂಪಿಯೆಲ್ಲೊ’ ಎಂಬ ನಾಟಕದ ಹೆಸರಿಗೆ ‘ಕಿರುಚೌಕ’ವೆಂದು ಅರ್ಥ. ಸುತ್ತ ಬಡವರ ಮನೆಗಳು, ನಡುವೆ ಒಂದಿಷ್ಟು ಬಯಲು, ಮೂಲೆಯಲ್ಲಿ ಒಂದು ತಂಗುಮನೆ. ಕರಿದ ತಿಂಡಿ ಮಾರುವವಳು, ಅಲೆದಾಡಿ ಸಾಮಾನು ಮಾರುವ ಯುವಕ, ಮಗಳ ಮದುವೆಯಾದರೆ ತಾನೂ ಮದುವೆಯಾಗಬೇಕೆಂದು ಕಾದಿರುವ ವಿಧವೆ ತಾಯಂದಿರು ಇವರೇ ಪಾತ್ರಗಳು. ಕಿಟಕಿಯಿಂದ ಕಿಟಕಿಗೆ ಮಾತು, ಮಾತಿನಿಂದ ಜಗಳ, ಜಗಳದಿಂದ ರಾಜಿ. ಕಥೆಯೆಂಬುದು ಇಷ್ಟೆ.

ತಂಗುಮನೆಯಲ್ಲಿ ನೇಪಲ್ಸ್ ಕಡೆಯ ಸಾಮಂತನೊಬ್ಬ ಇಳಿದುಕೊಂಡಿದ್ದಾನೆ. ಅವನು ಪ್ರವಾಸಿ. ಚೌಕದ ಗಲಾಟೆ ಅವನಿಗೆ ಪುಕ್ಕಟೆಯ ಆಟ. ಆ ಆಟ ಮುಂದುವರಿಯಲೆಂದು ತನ್ನ ಖರ್ಚಿನಲ್ಲಿ ಎಲ್ಲರಿಗೂ ಔತಣ ಮಾಡಿಸುತ್ತಾನೆ. ರಮ್ಯನಗರದ ಅತಿಥಿಯನ್ನು ಗೊಲ್ಡೋನಿ ಬೈರನ್ನನಿಗಿಂತ ಅರವತ್ತು ವರ್ಷ ಮೊದಲೇ ರಂಗದ ಮೇಲೆ ತಂದು ನಿಲ್ಲಿಸಿದ್ದನೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಇಲ್ಲಿ ನೋಟ ಒಂದೇ ಕಡೆಯಿಂದ ಹರಿಯುವುದಿಲ್ಲ. ಸಾಮಂತನು ಚೌಕವನ್ನು ನೋಡುವಂತೆ ಚೌಕವೂ ಸಾಮಂತನನ್ನು ನೋಡುತ್ತದೆ. ಅವನ ಹಣದ ಚೀಲ ಬರಿದಾಗುತ್ತಿರುವುದು ಪ್ರೇಕ್ಷಕರಿಗೆ ಗೊತ್ತಾಗುತ್ತದೆ.

ಅಂತ್ಯದಲ್ಲಿ ಗಾಸ್ಪರೀನಾ ಎಂಬ ಹುಡುಗಿ ಆ ಸಾಮಂತನನ್ನು ವರಿಸಿ ಊರು ಬಿಟ್ಟು ಹೊರಡುತ್ತಾಳೆ. ನಾಟಕದುದ್ದಕ್ಕೂ ಅವಳು ತನ್ನ ನೆರೆಹೊರೆಯನ್ನು ಕೀಳಾಗಿ ಕಂಡವಳು, ನಾಜೂಕಿನ ಉಚ್ಚಾರದಿಂದ ತಾನು ಬೇರೆಯೆಂದು ತೋರಿಸಿಕೊಂಡವಳು. ಹೊರಡುವ ಗಳಿಗೆಯಲ್ಲಿ ಅವಳಿಗೆ ಆ ಚೌಕದ ಮೇಲಣ ಮಮತೆ ಒಮ್ಮೆಲೆ ಉಕ್ಕುತ್ತದೆ. ಅದನ್ನು ಕುರೂಪವೆಂದು ಹೇಳಲು ಅವಳಿಗೆ ಬಾಯಿ ಬಾರದು. ಮನಸ್ಸಿಗೆ ಒಪ್ಪಿದ್ದೇ ಚೆಲುವೆಂದು ಹೇಳಿ ವಿದಾಯ ಪಡೆಯುತ್ತಾಳೆ. ವೆನಿಸ್ಸನ್ನು ಕುರಿತ ಪ್ರೇಮದ ಮಾತುಗಳಲ್ಲಿ ಇದಕ್ಕಿಂತ ಸತ್ಯವಾದದ್ದು ದೊರೆಯುವುದು ಕಷ್ಟ. ಆ ಮಾತಿನಲ್ಲಿ ಅರಮನೆಯಿಲ್ಲ, ಸೇತುವೆಯಿಲ್ಲ, ಬೆಳುದಿಂಗಳಿಲ್ಲ. ಇರುವುದು ಬಟ್ಟೆ ಒಣಹಾಕಿದ ಒಂದು ಸಣ್ಣ ಬಯಲು.

ಆರು ವರ್ಷದ ಬಳಿಕ ಗೊಲ್ಡೋನಿಯೇ ಹೊರಟನು. ಎದುರಾಳಿಗಳ ನಿಂದೆಯಿಂದ ಬೇಸತ್ತು, ಪ್ಯಾರಿಸ್ಸಿನ ಇಟಾಲಿಯನ್ ನಾಟಕಶಾಲೆಯ ಕರೆಯನ್ನು ಒಪ್ಪಿ, ೧೭೬೨ರಲ್ಲಿ ಅವನು ವೆನಿಸ್ಸನ್ನು ಬಿಟ್ಟನು. ಹೊರಡುವ ಮುನ್ನ ಬರೆದ ನಾಟಕದಲ್ಲಿ ನೇಯ್ಗೆಯವರ ಮನೆಯೊಂದರ ಕೂಟವಿದೆ. ಬಟ್ಟೆಗೆ ಚಿತ್ತಾರ ಬರೆಯುವ ಆಂಜೊಲೆತ್ತೊ ಎಂಬವನು ಉದ್ಯೋಗಕ್ಕಾಗಿ ಮಾಸ್ಕೊಗೆ ಹೊರಟಿದ್ದಾನೆ; ಇಸ್ಪೀಟಿನ ನಡುವೆ, ಊಟದ ನಡುವೆ, ಗೆಳೆಯರು ಅವನನ್ನು ಬೀಳ್ಕೊಡುತ್ತಾರೆ. ಚಿತ್ತಾರಗಾರನು ನಾಟಕಕಾರನೇ ಎಂಬುದು ಅಂದಿನ ಪ್ರೇಕ್ಷಕರಿಗೆ ತಿಳಿದಿತ್ತು. ಗೊಲ್ಡೋನಿ ಮತ್ತೆ ಊರಿಗೆ ಬರಲಿಲ್ಲ. ತನ್ನ ಆತ್ಮಚರಿತ್ರೆಯನ್ನು ಫ್ರೆಂಚ್ ಭಾಷೆಯಲ್ಲಿ ಬರೆದು ೧೭೮೭ರಲ್ಲಿ ಪ್ರಕಟಿಸಿದನು. ಕ್ರಾಂತಿಯ ಕಾಲದಲ್ಲಿ ವೇತನ ನಿಂತುಹೋಗಿ, ೧೭೯೩ರಲ್ಲಿ ಬಡತನದಲ್ಲಿ ತೀರಿಕೊಂಡನು. ವೇತನವನ್ನು ಮತ್ತೆ ಕೊಡಬೇಕೆಂಬ ಶಾಸನಸಭೆಯ ನಿರ್ಣಯ ಆದದ್ದು ಮರುದಿನ. ಅವನು ಸತ್ತ ನಾಲ್ಕು ವರ್ಷಕ್ಕೆ ಗಣರಾಜ್ಯವೂ ಅಳಿಯಿತು. ಊರನ್ನು ಒಳಗಿನಿಂದ ಬರೆದವನು ಪರಸ್ಥಳದಲ್ಲಿ ಕಣ್ಣುಮುಚ್ಚಿದನು. ಹೊರಗಿನಿಂದ ಬರೆದವರು ಅನಂತರ ಒಬ್ಬೊಬ್ಬರಾಗಿ ಬಂದು ಅಲ್ಲಿ ಇಳಿದುಕೊಂಡರು. ರಮ್ಯ ವೆನಿಸ್ಸಿನ ಚರಿತ್ರೆಯಲ್ಲಿ ಈ ಅದಲುಬದಲಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

೬

ಪುರವರ್ಣನೆ ಕನ್ನಡ ಕಾವ್ಯಕ್ಕೆ ಹೊಸದಲ್ಲ. ದಂಡಿ ಎಣಿಸಿದ ಮಹಾಕಾವ್ಯದ ವರ್ಣನೆಗಳಲ್ಲಿ ಮೊದಲನೆಯದೇ ನಗರ. ಚಂಪೂಕವಿಗಳೆಲ್ಲ ಅದನ್ನು ಪಾಲಿಸಿದರು. ಆ ವರ್ಣನೆಗಳು ಸಂಪ್ರದಾಯಬದ್ಧವೆಂದು, ಉತ್ಪ್ರೇಕ್ಷೆಯಿಂದ ತುಂಬಿವೆಯೆಂದು ಆಧುನಿಕ ವಿಮರ್ಶಕರು ಅವುಗಳನ್ನು ದಾಟಿ ಮುಂದೆ ಹೋಗುವುದುಂಟು. ಆಕ್ಷೇಪಣೆ ಸುಳ್ಳಲ್ಲ. ಆದರೆ ಒಂದು ಗುಣವನ್ನು ಒಪ್ಪಬೇಕು. ಕೋಟೆ, ಅಗಳು, ಉದ್ಯಾನಗಳ ಜೊತೆಗೆ ಅಂಗಡಿಬೀದಿ ಬರದೆ ಆ ವರ್ಣನೆ ಪೂರ್ಣವಾಗುವುದಿಲ್ಲ. ಹೂವಾಡಗಿತ್ತಿ, ರತ್ನಪಡಿ ವರ್ತಕ, ನೀರು ಹೊರುವ ಹೆಂಗಳೆಯರು ಇವರಿಲ್ಲದ ಪಟ್ಟಣವನ್ನು ಪೂರ್ವಕವಿಗಳು ಪಟ್ಟಣವೆಂದು ಎಣಿಸಿದಂತೆ ತೋರದು. ಪ್ರವಾಸಿಯ ಪುರವರ್ಣನೆ ಈ ಅಂಶವನ್ನೇ ಕಳೆದುಕೊಂಡಿದೆ. ಅಲ್ಲಿ ನಿವಾಸಿಯ ಅಗತ್ಯ ಬೀಳುವುದು ಹುಟ್ಟುಹಾಕಲು ಮತ್ತು ಹಾಡಲು ಮಾತ್ರ.

ಇದರಿಂದ ಕಾವ್ಯಕ್ಕೆ ಮಾತ್ರ ಹಾನಿಯಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ೧೯೫೧ರಲ್ಲಿ ವೆನಿಸ್ಸಿನ ಹಳೆಯ ಊರಿನಲ್ಲಿ ಸುಮಾರು ೧,೭೫,೦೦೦ ಜನ ವಾಸವಾಗಿದ್ದರು. ೨೦೨೨ರಲ್ಲಿ ಆ ಸಂಖ್ಯೆ ೫೦,೦೦೦ಕ್ಕಿಂತ ಕೆಳಗೆ ಇಳಿಯಿತು. ಕಾರಣಗಳು ಹಲವು. ಎದುರುದಡದ ಮೆಸ್ಟ್ರೆ, ಮರ್ಗೆರಾಗಳಲ್ಲಿ ಕೈಗಾರಿಕೆಯೂ ಅಗ್ಗದ ಮನೆಗಳೂ ಬೆಳೆದುವು. ೧೯೬೬ರ ನವೆಂಬರ್ ೪ರಂದು ನೀರು ೧೯೪ ಸೆಂಟಿಮೀಟರಿನ ಮಟ್ಟಕ್ಕೇರಿ ನೆಲಮಾಳಿಗೆಗಳ ವಾಸ ಅಸಾಧ್ಯವಾಯಿತು. ೨೦೧೯ರ ನವೆಂಬರ್ ೧೨ರಂದು ಮತ್ತೆ ೧೮೭ ಸೆಂಟಿಮೀಟರ್ ನೀರು ಬಂದಿತು; ಕೊಳದ ಬಾಯಿಗಳಲ್ಲಿ ಎದ್ದುನಿಲ್ಲುವ ಉಕ್ಕಿನ ತಡೆಗಳು ಮೊದಲು ಕೆಲಸಕ್ಕೆ ಬಂದುದು ೨೦೨೦ರ ಅಕ್ಟೋಬರಿನಲ್ಲಿ. ಇವುಗಳ ಜೊತೆಗೆ, ಸಂಸಾರಕ್ಕೆ ಬಾಡಿಗೆಗೆ ಕೊಡುವುದಕ್ಕಿಂತ ದಿನದ ಲೆಕ್ಕದಲ್ಲಿ ಪ್ರವಾಸಿಗಳಿಗೆ ಕೊಡುವುದು ಲಾಭಕರವಾದದ್ದರಿಂದ ಮನೆಗಳು ಮನ್ನಣೆಯ ವಸತಿಗೃಹಗಳಾದುವು. ನಿವಾಸಿಗಳು ೬೦,೦೦೦ಕ್ಕಿಂತ ಕಡಮೆಯಾದಾಗ, ೨೦೦೯ರ ನವೆಂಬರಿನಲ್ಲಿ, ಊರಿನ ಕೆಲವರು ವೆನಿಸ್ಸಿನ ಅಣಕು ಶವಯಾತ್ರೆಯನ್ನು ಗೊಂಡೊಲಗಳಲ್ಲಿ ನಡೆಸಿದರು. ರಿಯಾಲ್ಟೊ ಬಳಿಯ ಔಷಧದ ಅಂಗಡಿಯೊಂದರ ಕಿಟಕಿಯಲ್ಲಿ ಉಳಿದ ನಿವಾಸಿಗಳ ಸಂಖ್ಯೆಯನ್ನು ೨೦೦೮ರಿಂದ ತೋರಿಸುತ್ತ ಬಂದಿದ್ದಾರೆ.

ಆಡಳಿತವೂ ಕೈಕಟ್ಟಿ ಕುಳಿತಿಲ್ಲ. ದೊಡ್ಡ ವಿಹಾರನೌಕೆಗಳು ಊರಿನ ನಡುವಣ ಕಾಲುವೆಗೆ ಬರುವುದನ್ನು ೨೦೨೧ರ ಆಗಸ್ಟಿನಿಂದ ನಿಷೇಧಿಸಲಾಯಿತು. ೨೦೨೪ರ ಏಪ್ರಿಲ್ ೨೫ರಿಂದ, ಗೊತ್ತಾದ ದಿನಗಳಲ್ಲಿ, ಹಗಲಿಗಷ್ಟೇ ಬಂದುಹೋಗುವವರು ಐದು ಯೂರೊ ಪ್ರವೇಶಶುಲ್ಕ ತೆರಬೇಕಾಯಿತು. ಗುಂಪನ್ನು ಕಡಮೆಮಾಡುವ ಉದ್ದೇಶ ಒಳ್ಳೆಯದೇ. ಆದರೆ ಒಂದು ಊರಿಗೆ ಟಿಕೆಟ್ಟು ಬಂದಿತೆಂದರೆ ಅದು ಪ್ರದರ್ಶನಶಾಲೆಯ ಹೊಸ್ತಿಲನ್ನು ತುಳಿದಂತೆಯೇ ಎಂದು ಅದನ್ನು ವಿರೋಧಿಸಿದ ನಿವಾಸಿಗಳ ಮಾತನ್ನು ತಳ್ಳಿಹಾಕಲಾಗದು. ಪಾಚೊಲಿ ಕಲಿಸಿದ ಲೆಕ್ಕದಲ್ಲಿ ಒಂದು ಕಡೆಯ ಜಮೆಗೆ ಇನ್ನೊಂದು ಕಡೆಯ ಖರ್ಚು ತಪ್ಪದೆ ಬೀಳಬೇಕು. ರಮ್ಯ ವೆನಿಸ್ಸಿನ ಪುಸ್ತಕದಲ್ಲಿ ಇನ್ನೂರು ವರ್ಷದಿಂದ ಜಮೆಯನ್ನಷ್ಟೇ ಬರೆಯುತ್ತ ಬಂದದ್ದಾಯಿತು. ಖರ್ಚಿನ ಪುಟ ಔಷಧದ ಅಂಗಡಿಯ ಕಿಟಕಿಯಲ್ಲಿದೆ.

ಹಾಗೆಂದು ಬೈರನ್ನನನ್ನೂ ರಸ್ಕಿನ್ನನನ್ನೂ ಮಾನ್‌ನನ್ನೂ ಬದಿಗಿಡಬೇಕೆಂದು ಅರ್ಥವಲ್ಲ. ವೆನಿಸ್ಸಿಗೆ ಯಾರೂ ಹೋಗಕೂಡದೆಂದೂ ಅಲ್ಲ. ಅವರೊಡನೆ ಗೊಲ್ಡೋನಿಯನ್ನೂ ಓದಬೇಕೆಂಬುದು, ಅದಕ್ಕೂ ಮೊದಲೇ ಓದಬೇಕೆಂಬುದು ಇಲ್ಲಿಯ ವಾದ. ಒಂದು ಊರನ್ನು ಪ್ರೀತಿಸುವುದಕ್ಕೆ ಎರಡು ದಾರಿಗಳಿವೆ. ಬಂದು ನೋಡಿದವನ ಪ್ರೀತಿ ಒಂದು. ಬಿಟ್ಟುಹೋಗಬೇಕಾದವನ ಪ್ರೀತಿ ಇನ್ನೊಂದು. ಎರಡನೆಯದರ ಸ್ವರೂಪವನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಆಸ್ಥಾನದಲ್ಲಿದ್ದುಕೊಂಡು, ಸುಮಾರು ೯೪೧ರಲ್ಲಿ, ಪಂಪನು ಬನವಾಸಿಯನ್ನು ನೆನೆದನು. ಆ ಪದ್ಯಗಳಲ್ಲಿ ನೋಡಿ ಬರಬೇಕಾದ ಸ್ಥಳಗಳ ಹೆಸರಿಲ್ಲ. ದಕ್ಷಿಣದ ಗಾಳಿ, ಬಿರಿದ ಮಲ್ಲಿಗೆ, ಕಿವಿಗೆ ಬಿದ್ದ ಇನಿದಾದ ಹಾಡು ಇಂಥ ಸಾಮಾನ್ಯ ವಸ್ತುಗಳು ಸೋಂಕಿದೊಡನೆ ಮನಸ್ಸು ಆ ನಾಡಿಗೆ ಓಡುವುದೆಂಬುದೇ ಅಲ್ಲಿಯ ಭಾವ. ಗಾಸ್ಪರೀನಾಳ ಕಿರುಚೌಕಕ್ಕೂ ಪಂಪನ ಬನವಾಸಿಗೂ ಎಂಟು ಶತಮಾನಗಳ ಅಂತರವಿದೆ, ಭಾವ ಒಂದೇ.

ಪರಸ್ಥಳಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಭಾವದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಒಂದು ಊರನ್ನು ನೆನಪಿನಲ್ಲಿ ಇಟ್ಟುಕೊಂಡು ಇನ್ನೊಂದರಲ್ಲಿ ಬಾಳುವವರು ಅವರು; ತಾವು ಬಾಳುವ ಊರನ್ನು ಚಿತ್ರಪಟದಲ್ಲಷ್ಟೇ ಕಂಡವರ ಮೆಚ್ಚುಗೆಯನ್ನೂ ಕೇಳಿದವರು. ನಗರವನ್ನು ಕುರಿತ ಯಾವ ಬರಹವೇ ಆಗಲಿ ಅವರ ಕೈಗೆ ಬಂದಾಗ ಕೇಳತಕ್ಕ ಮೊದಲ ಪ್ರಶ್ನೆ ಸರಳವಾದದ್ದು: ಇದರಲ್ಲಿ ತರಕಾರಿ ಮಾರುವವಳಿಗೆ ಹೆಸರಿದೆಯೆ? ಇದ್ದರೆ ಅದು ಊರಿನ ವರ್ಣನೆ. ಇಲ್ಲದಿದ್ದರೆ, ಭಾಷೆ ಎಷ್ಟೇ ಚೆಲುವಾಗಿದ್ದರೂ, ಅದು ಬರಿಯ ಪರದೆ.